ಉಸಿರಿಗೊಂದು ಗಡುವು, ಎಲುಬಿಗೊಂದು ಗಡುವು

ಹೊಸದಾಗಿ ಓಟ ಆರಂಭಿಸಿ ಕೆಲವೇ ವಾರಗಳಲ್ಲಿ ಕೈಬಿಟ್ಟವರನ್ನು ಕಾರಣ ಕೇಳಿದರೆ, ಮನಸ್ಸು ಗಟ್ಟಿಯಿರಲಿಲ್ಲವೆಂದೋ, ದೇಹ ಅದಕ್ಕೆ ಒಗ್ಗಲಿಲ್ಲವೆಂದೋ ಹೇಳುವುದು ರೂಢಿ. ಈ ಎರಡು ಉತ್ತರಗಳೂ ಮನಸ್ಸನ್ನೂ ದೇಹವನ್ನೂ ಬೇರೆ ಬೇರೆ ಲೆಕ್ಕದಲ್ಲಿ ಬರೆದಿಡುತ್ತವೆ. ಆದರೆ ಶ್ರಮಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅಭ್ಯಸಿಸುವ ವ್ಯಾಯಾಮ ಶರೀರಶಾಸ್ತ್ರವು ಕಳೆದ ನೂರು ವರ್ಷಗಳಲ್ಲಿ ಕಂಡುಕೊಂಡ ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿದರೆ, ಆರಂಭಿಕರ ಮಾನಸಿಕ ತೊಳಲಾಟಕ್ಕೂ ಮೈಕೈ ನೋವಿಗೂ ಹೆಚ್ಚಿನ ಸಂದರ್ಭಗಳಲ್ಲಿ ಮೂಲ ಒಂದೇ ಎಂಬುದು ಗೊತ್ತಾಗುತ್ತದೆ. ಅದು ಅವರು ಮೊದಲ ದಿನವೇ ಹಿಡಿದ ವೇಗ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳಂಥ ಊರುಗಳಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ. ಏಕೆಂದರೆ ಇಲ್ಲಿ ಓಟವೆಂದರೆ ಜನರ ಕಣ್ಣಮುಂದೆ ಬರುವುದು ವೇಗದ ಓಟವೇ.

2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆಯಿತು. ಮರುತಿಂಗಳು ಐಕಳದ ಕಂಬಳದಲ್ಲಿ, ಅಂದರೆ ಕೆಸರುಗದ್ದೆಯ ಕೋಣಗಳ ಓಟದಲ್ಲಿ, ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು (ಓಟದ ಕೆಸರುಹಾದಿಯನ್ನು) 13.62 ಸೆಕೆಂಡುಗಳಲ್ಲಿ ಮುಗಿಸಿದರೆ, ಕೆಲವೇ ದಿನಗಳ ಅಂತರದಲ್ಲಿ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನ ಸೂರ್ಯ-ಚಂದ್ರ ಜೋಡುಕರೆ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿ ಆ ಸಾಧನೆಯನ್ನೂ ಹಿಂದಿಕ್ಕಿದರು. ಇವುಗಳನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿ, 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಬರೆದ 9.58 ಸೆಕೆಂಡುಗಳ ದಾಖಲೆಯ ಪಕ್ಕದಲ್ಲಿಟ್ಟು ದೇಶವೆಲ್ಲ ಬೆರಗಾಯಿತು. ಈ ಹೋಲಿಕೆಗೆ ಶಾಸ್ತ್ರದ ಆಧಾರ ಕಡಿಮೆ. ಕರೆಯ ಕೆಸರುನೀರು ಕಾಲನ್ನು ಹಿಡಿದಿಟ್ಟುಕೊಳ್ಳುವುದು ನಿಜವಾದರೂ, ಓಟ ಆರಂಭವಾಗುವ ಗಂತಿನಿಂದ ಮುಗಿಯುವ ಮಂಜೊಟ್ಟಿಯವರೆಗೂ ಓಡಿಸುವವರ ಕೈ ಕೋಣಗಳಿಗೆ ಕಟ್ಟಿದ ಹಗ್ಗದ ಅಥವಾ ನೇಗಿಲಿನ ಮೇಲಿರುವುದರಿಂದ ಕೋಣಗಳ ಎಳೆತವೂ ಆ ವೇಗದಲ್ಲಿ ಸೇರಿರುತ್ತದೆ. ಕ್ರೀಡಾ ಪ್ರಾಧಿಕಾರದಿಂದ ಆಯ್ಕೆ ಪರೀಕ್ಷೆಗೆ ಕರೆ ಬಂದಾಗ ಶ್ರೀನಿವಾಸ ಗೌಡರು ಅದನ್ನು ಒಲ್ಲೆನೆಂದರು. ಕೆಸರಿನ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂಬುದು ಅವರ ನಿಲುವಾಗಿತ್ತು. ಹೊಗಳುವವರೆಲ್ಲ ಮರೆತಿದ್ದ ವಿವೇಕ ಓಡಿದವರಲ್ಲಿ ಉಳಿದಿತ್ತೆನ್ನಬೇಕು.

ಆದರೆ ಇದೇ ತಾಲ್ಲೂಕುಗಳಲ್ಲಿ ಇನ್ನೊಂದು ಪರಂಪರೆಯಿದೆ. ಅದಕ್ಕೆ ಗಡಿಯಾರವಿಲ್ಲ, ದಾಖಲೆಯೂ ಇಲ್ಲ. ಶಿವರಾತ್ರಿ ಹತ್ತಿರವಾದಂತೆ ಬೆಂಗಳೂರು, ಹಾಸನ, ಚಿಕ್ಕಮಗಳೂರು ಕಡೆಗಳಿಂದ ಭಕ್ತರು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದುಬರುತ್ತಾರೆ. ಕಾರ್ತಿಕದಲ್ಲಿ ಲಕ್ಷದೀಪೋತ್ಸವದ ಮೊದಲ ದಿನ ಉಜಿರೆಯ ಜನಾರ್ದನ ಸ್ವಾಮಿ ದೇವಸ್ಥಾನದಿಂದ ಧರ್ಮಸ್ಥಳದವರೆಗೆ ಸಾವಿರಾರು ಮಂದಿ ಪಾದಯಾತ್ರೆ ಮಾಡುತ್ತಾರೆ. ಸುಮಾರು ಒಂಬತ್ತು ಕಿಲೋಮೀಟರಿನ ಈ ದಾರಿಯನ್ನು, ವರ್ಷವಿಡೀ ವ್ಯಾಯಾಮದ ಹೆಸರೆತ್ತದ ಮಧ್ಯವಯಸ್ಕರೂ ಎರಡು ಗಂಟೆಯ ಆಸುಪಾಸಿನಲ್ಲಿ ಮಾತನಾಡುತ್ತ, ಭಜನೆ ಹೇಳುತ್ತ ನಡೆದು ಮುಗಿಸುತ್ತಾರೆ. ಅದೇ ಮನುಷ್ಯ ಮರುದಿನ ಮೈದಾನಕ್ಕಿಳಿದು ನಾನೂರು ಮೀಟರ್ ಓಡುವಷ್ಟರಲ್ಲಿ ದಮ್ಮು ಕಟ್ಟಿ ಸೊಂಟಕ್ಕೆ ಕೈಯಿಟ್ಟು ನಿಲ್ಲುವುದೂ ಉಂಟು. ಕಾಲು ಅದೇ, ಎದೆಯೂ ಅದೇ. ನಡುವೆ ಬದಲಾದದ್ದು ಏನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ನಿಂತಲ್ಲಿಂದ ಓಡತೊಡಗಿದ ಕ್ಷಣದಲ್ಲೇ ಕಾಲಿನ ಸ್ನಾಯುಗಳಿಗೆ ಬೇಕಾದ ಶಕ್ತಿ ಹಲವು ಪಟ್ಟು ಹೆಚ್ಚುತ್ತದೆ, ಆದರೆ ಹೃದಯ ಮತ್ತು ಶ್ವಾಸಕೋಶಗಳು ಆಮ್ಲಜನಕದ ಪೂರೈಕೆಯನ್ನು ಅದೇ ಮಟ್ಟಕ್ಕೆ ಏರಿಸಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಈ ನಡುವಿನ ಕೊರತೆಯನ್ನು ಶಾಸ್ತ್ರದಲ್ಲಿ ಆಮ್ಲಜನಕದ ಅಭಾವವೆನ್ನುತ್ತಾರೆ. ಆ ಹೊತ್ತಿನಲ್ಲಿ ಸ್ನಾಯುಗಳು ತಮ್ಮೊಳಗಿನ ಸಕ್ಕರೆಯನ್ನು ಆಮ್ಲಜನಕದ ನೆರವಿಲ್ಲದೆ ಒಡೆದು ಕೆಲಸ ನಡೆಸುತ್ತವೆ, ಅದರಿಂದ ಲ್ಯಾಕ್ಟೇಟ್ ಎಂಬ ವಸ್ತು ಉಂಟಾಗುತ್ತದೆ, ಉಸಿರಾಟ ಬಿರುಸಾಗುತ್ತದೆ. ಮೊದಲ ಕೆಲವು ನಿಮಿಷಗಳ ಹಿಂಸೆ ಪಳಗಿದ ಓಟಗಾರರಿಗೂ ತಪ್ಪಿದ್ದಲ್ಲ; ಅದು ಕಳೆಯುತ್ತದೆಂದು ಅವರು ಅನುಭವದಿಂದ ಬಲ್ಲರು, ಆರಂಭಿಕರು ಅರಿಯರು, ಅಷ್ಟೇ ವ್ಯತ್ಯಾಸ. ಹೊಸಬರು ಹಿಡಿಯುವ ವೇಗ ಅವರ ದೇಹ ಆಮ್ಲಜನಕದಿಂದ ನಿಭಾಯಿಸಬಲ್ಲ ಮಿತಿಗಿಂತ ಮೇಲಿದ್ದರೆ ಈ ಹಿಂಸೆ ಎರಡು ಮೂರು ನಿಮಿಷಗಳ ಬಳಿಕ ಇಳಿಯುವ ಬದಲು ಏರುತ್ತಲೇ ಹೋಗುತ್ತದೆ. ಪಕ್ಕೆ ಹಿಡಿಯುತ್ತದೆ, ಗಂಟಲು ಒಣಗುತ್ತದೆ, ತಾನು ಓಡಲು ಹುಟ್ಟಿದವನಲ್ಲವೆಂಬ ತೀರ್ಮಾನಕ್ಕೆ ಮನಸ್ಸು ಬಂದುಬಿಡುತ್ತದೆ.

ವೇಗದ ಈ ಮಿತಿಯನ್ನು ತಿಳಿಯಲು ಯಂತ್ರ ಬೇಕಿಲ್ಲ. ಓಡುತ್ತಿರುವಾಗ ಒಂದು ಪೂರ್ಣ ವಾಕ್ಯವನ್ನು ನಡುವೆ ಉಸಿರೆಳೆದುಕೊಳ್ಳದೆ ಹೇಳಲು ಸಾಧ್ಯವಾದರೆ ವೇಗ ಸರಿಯಿದೆ, ಎರಡು ಮೂರು ಪದಗಳಿಗೇ ಮಾತು ತುಂಡಾದರೆ ಹೆಚ್ಚಾಗಿದೆ. ಮಾತಿನ ಪರೀಕ್ಷೆಯೆಂಬ ಈ ಸರಳ ಅಳತೆಯನ್ನು ವೈದ್ಯರೂ ತರಬೇತುದಾರರೂ ಒಪ್ಪುತ್ತಾರೆ. ಪಾದಯಾತ್ರಿಗಳು ಭಜನೆ ಹೇಳುತ್ತ ನಡೆಯುವಾಗ ತಿಳಿಯದೆಯೇ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುತ್ತಾರೆ. ಅನೇಕ ಹೊಸಬರಿಗೆ ಅಂಥ ವೇಗ ಎಷ್ಟು ನಿಧಾನವಾಗಿರುತ್ತದೆಂದರೆ, ಬಿರುಸಾಗಿ ನಡೆಯುವವರು ಅವರನ್ನು ದಾಟಿ ಹೋಗಬಹುದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಷ್ಟು ನಿಧಾನಕ್ಕೂ ಉಸಿರು ನಿಲುಕದಿದ್ದರೆ ನಡುನಡುವೆ ನಡೆಯುವುದೇ ಉಪಾಯ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೊವೇ ಆ ದಶಕದಲ್ಲೇ ಹೊಸಬರಿಗೆ ಓಟ-ನಡಿಗೆ-ಓಟದ ಕ್ರಮವನ್ನು ಕಲಿಸತೊಡಗಿದರು. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬ ತರುಣ ತನ್ನ ತಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು ವಾರಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ. ‘ಕೌಚ್ ಟು 5ಕೆ’ ಎಂಬ ಹೆಸರಿನಲ್ಲಿ ಅದು ಜಗತ್ತಿನಾದ್ಯಂತ ಹಬ್ಬಿದೆ. ಅದರ ಮೊದಲ ವಾರದ ಕೆಲಸವೆಂದರೆ ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ 60 ಸೆಕೆಂಡ್ ಓಡಿ 90 ಸೆಕೆಂಡ್ ನಡೆಯುವುದನ್ನು 20 ನಿಮಿಷಗಳವರೆಗೆ ಮುಂದುವರಿಸುವುದು, ಅದೂ ವಾರಕ್ಕೆ ಮೂರೇ ದಿನ. ಓಡುವುದಕ್ಕಿಂತ ನಡೆಯುವುದೇ ಹೆಚ್ಚಿರುವ ಈ ಪಟ್ಟಿಯನ್ನು ಕಂಡು ನಗುವವರಿದ್ದಾರೆ, ಮೂರನೆಯ ವಾರದಲ್ಲಿ ಮನೆಯಲ್ಲಿ ಕುಳಿತುಬಿಡುವವರೂ ಬಹುಮಟ್ಟಿಗೆ ಅವರೇ.

ಮನಸ್ಸಿನ ಪಾತ್ರದ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿರಲಿಲ್ಲ. 1922ನೇ ಸಾಲಿನ ನೊಬೆಲ್ ಪ್ರಶಸ್ತಿ ಪಡೆದ ಬ್ರಿಟಿಷ್ ಶರೀರಶಾಸ್ತ್ರಜ್ಞ ಎ. ವಿ. ಹಿಲ್ ಅವರ ಕಾಲದಿಂದ ದಣಿವೆಂದರೆ ಸ್ನಾಯುಗಳಲ್ಲಿ ಆಮ್ಲಜನಕ ಸಾಲದಾಗುವುದು, ಆಮ್ಲ ಕೂಡಿಬರುವುದು ಎಂಬ ವಿವರಣೆಯೇ ಚಾಲ್ತಿಯಲ್ಲಿತ್ತು. ದಕ್ಷಿಣ ಆಫ್ರಿಕಾದ ಟಿಮ್ ನೋಕ್ಸ್, ಮಿದುಳು ದೇಹಕ್ಕೆ ಅಪಾಯವಾಗುವ ಮೊದಲೇ ಲಗಾಮು ಎಳೆಯುತ್ತದೆಂದು ವಾದಿಸಿದರು. ಸಾಮುವೆಲೆ ಮಾರ್ಕೊರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಆರಂಭಿಕರಿಗೆ ಇವೆರಡಕ್ಕಿಂತ ಹೆಚ್ಚು ಉಪಯುಕ್ತ. ಅವರು 16 ಜನರನ್ನು ಒಮ್ಮೆ 90 ನಿಮಿಷ ಏಕಾಗ್ರತೆ ಬೇಡುವ ಕಂಪ್ಯೂಟರ್ ಕೆಲಸಕ್ಕೆ ಕೂರಿಸಿ, ಇನ್ನೊಮ್ಮೆ ಅಷ್ಟೇ ಹೊತ್ತು ಸುಮ್ಮನೆ ಸಾಕ್ಷ್ಯಚಿತ್ರ ನೋಡಲು ಬಿಟ್ಟು, ಎರಡೂ ಸಲ ಬಳಿಕ ದಣಿದು ನಿಲ್ಲುವವರೆಗೆ ಸೈಕಲ್ ತುಳಿಸಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದವರು ತಲೆಗೆ ಕೆಲಸ ಕೊಟ್ಟ ದಿನ 640 ಸೆಕೆಂಡಿಗೇ ಕೈಚೆಲ್ಲಿದರು. ಹೃದಯದ ಬಡಿತವಾಗಲೀ ಆಮ್ಲಜನಕದ ಬಳಕೆಯಾಗಲೀ ಇದಕ್ಕೆ ವಿವರಣೆ ಒದಗಿಸಲಿಲ್ಲ. ಅಷ್ಟೇ ಕೆಲಸ ಅವರಿಗೆ ಹೆಚ್ಚು ಕಷ್ಟವೆಂದು ತೋರಿತ್ತು. ಶ್ರಮ ಎಷ್ಟಿದೆ ಎಂಬುದರ ಜೊತೆಗೆ ಎಷ್ಟಿದೆಯೆಂದು ಅನಿಸುತ್ತದೆ ಎಂಬುದೂ ಓಟವನ್ನು ನಿಲ್ಲಿಸಬಲ್ಲದು ಎಂದಾಯಿತು. ದಿನವಿಡೀ ಬ್ಯಾಂಕಿನ ಕೌಂಟರಿನಲ್ಲೋ ತರಗತಿಯಲ್ಲೋ ಅಂಗಡಿಯ ಲೆಕ್ಕದ ಮುಂದೆಯೋ ತಲೆ ದಣಿಸಿಕೊಂಡು ಸಂಜೆ ಆರರ ನಂತರ ಮೈದಾನಕ್ಕೆ ಬಂದವರಿಗೆ ಕಾಲು ಭಾರವೆನಿಸಿದರೆ ಅದು ಸೋಮಾರಿತನವಾಗಿರಬೇಕಿಲ್ಲ. ಅಂಥವರು ಓಟದ ಹೊತ್ತನ್ನು ಬೆಳಗ್ಗೆಗೆ ಬದಲಿಸಿಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ.

ಬೆಳಗಿನ ಹೊತ್ತಿಗೆ ಬೇರೆಯದೇ ತೊಡಕುಗಳಿವೆ. ಈ ಸೀಮೆಯ ಒಳರಸ್ತೆಗಳಲ್ಲಿ ಆರು ಗಂಟೆಗೆ ಮುಂಚೆ ಎಚ್ಚರವಾಗಿರುವವರು ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಮರಗಳ ಸಾಲಿನಲ್ಲಿ ಟ್ಯಾಪಿಂಗ್ ಮಾಡುವವರು, ಕ್ಯಾನು ಹಿಡಿದು ಹಾಲಿನ ಸೊಸೈಟಿಗೆ ಹೊರಟವರು, ಮತ್ತು ನಾಯಿಗಳು. ಕೆಲಸವಿದ್ದು ಎದ್ದವರ ನಡುವೆ ಕೆಲಸವಿಲ್ಲದೆ ಓಡುವ ಮನುಷ್ಯ ಎದ್ದು ಕಾಣುತ್ತಾನೆ. “ಓಡೆಗ್ ಬಲಿಪುನಿ?” ಎಂದು ತುಳುವಿನಲ್ಲಿ ಕೇಳಿಬರುವ ಪ್ರಶ್ನೆಯಲ್ಲಿ, ಎಲ್ಲಿಗೆ ಓಡುತ್ತಿದ್ದೀರಿ ಎಂಬ ಕುತೂಹಲವಿರುವಷ್ಟೇ, ಗದ್ದೆ ತೋಟಗಳ ದುಡಿಮೆಯಲ್ಲಿ ಮೈ ಬಗ್ಗಿಸಿದವರಿಗೆ ಸಹಜವಾದ ಅಚ್ಚರಿಯೂ ಇದೆ. ಅಡಿಕೆ ತೋಟಕ್ಕೆ ಮದ್ದು ಬಿಡುವವರಿಗೂ ಸೊಪ್ಪು ಹೊರುವವರಿಗೂ ಬೆವರು ಹರಿಸಲು ಬೇರೆ ಹೊತ್ತು ಗೊತ್ತುಮಾಡಿಕೊಳ್ಳುವ ಅಗತ್ಯ ಬಂದಿರಲಿಲ್ಲ. ಆದರೆ ಇದೇ ಊರುಗಳಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಗಂಟೆಗಟ್ಟಲೆ ಕುಳಿತಲ್ಲೇ ಬೀಡಿ ಕಟ್ಟುವ ಹೆಂಗಸರಿದ್ದಾರೆ, ಕಚೇರಿಯ ಕುರ್ಚಿಯಲ್ಲೇ ಹಗಲು ಕಳೆಯುವವರು ಹೆಚ್ಚಿದ್ದಾರೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೋ 75ರಿಂದ 150 ನಿಮಿಷಗಳ ಬಿರುಸಿನ ಶ್ರಮವನ್ನೋ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಂಥವರಿಗೂ ಅನ್ವಯಿಸುತ್ತದೆ. ಹೆಂಗಸರ ಪಾಲಿಗೆ ಊರವರ ನೋಟ ಗಂಡಸರಿಗಿಂತ ದೊಡ್ಡ ಅಡ್ಡಿ, ಅದನ್ನು ಆತ್ಮವಿಶ್ವಾಸದ ಕೊರತೆಯೆಂದು ಕರೆಯುವುದು ಅನ್ಯಾಯ. ಇಬ್ಬರು ಮೂವರು ಕೂಡಿ ಹೊರಡುವುದು, ಉಜಿರೆಯ ರತ್ನವರ್ಮ ಹೆಗ್ಗಡೆ ಕ್ರೀಡಾಂಗಣದಂಥ, ಓಡುವವರನ್ನು ಕಂಡು ಯಾರೂ ಹುಬ್ಬೇರಿಸದ ಜಾಗವನ್ನು ಆರಿಸಿಕೊಳ್ಳುವುದು, ಇವು ಮನಸ್ಸನ್ನು ಗಟ್ಟಿಮಾಡಿಕೊಳ್ಳಿ ಎಂಬ ಉಪದೇಶಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಬಂಟ್ವಾಳದಿಂದ ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73ರ ಅಂಚಿನಲ್ಲಂತೂ ಓಡಲೇಬಾರದು.

ಇನ್ನೊಂದು ಭಯ ಹೃದಯದ್ದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ವ್ಯಾಯಾಮವೇ ಅಪಾಯವೆಂಬ ಮಾತು ಹರಡಿತು, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಬರುವವರ ಸಾಲು ಬೆಳೆಯಿತು. ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದ್ರೋಗ ಬಂದ ಉದಾಹರಣೆ ಇರುವವರು ಓಟ ಆರಂಭಿಸುವ ಮುನ್ನ ವೈದ್ಯರನ್ನು ಕಾಣಬೇಕು. ಓಡುವಾಗ ಎದೆ ಹಿಂಡಿದಂತಾದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಆದರೆ ತೀವ್ರ ಶ್ರಮದ ಹೊತ್ತಿನಲ್ಲಿ ಹೃದಯಾಘಾತದ ಸಂಭವ ಸ್ವಲ್ಪ ಏರುವುದು ಮುಖ್ಯವಾಗಿ ಮೈ ಪಳಗಿಸದೆ ಒಮ್ಮೆಲೇ ಶ್ರಮಕ್ಕಿಳಿದವರಲ್ಲಿ, ನಿಯಮಿತವಾಗಿ ವ್ಯಾಯಾಮ ಮಾಡುವವರಲ್ಲಿ ಅದು ಬಹಳ ಕಡಿಮೆ. ಇಲ್ಲೂ ಮಾತು ತಿರುಗಿ ವೇಗಕ್ಕೇ ಬರುತ್ತದೆ.

ಇಷ್ಟನ್ನೂ ಪಾಲಿಸಿ ಮೊದಲ ತಿಂಗಳು ದಾಟಿದವರಿಗೆ ಎರಡನೆಯದೊಂದು ಗಂಡಾಂತರ ಕಾದಿರುತ್ತದೆ, ಅದು ಬರುವುದು ಹುಮ್ಮಸ್ಸಿನ ರೂಪದಲ್ಲಿ. ದೇಹದ ಭಾಗಗಳೆಲ್ಲ ಒಂದೇ ಗತಿಯಲ್ಲಿ ಬಲಗೊಳ್ಳುವುದಿಲ್ಲ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಒಂದೆರಡು ವಾರಗಳಲ್ಲೇ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳತೊಡಗುತ್ತದೆ, ಸ್ನಾಯುವಿನ ಜೀವಕೋಶಗಳಲ್ಲಿ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಗಳು ಕೆಲವು ವಾರಗಳಲ್ಲಿ ಹೆಚ್ಚುತ್ತವೆ. ಹಾಗಾಗಿ ಆರನೆಯ ವಾರದ ಹೊತ್ತಿಗೆ ಉಸಿರು ಹಗುರಾಗಿರುತ್ತದೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತ ಸಂಚಾರ ಕಡಿಮೆ, ಅವು ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಎಲುಬಿನ ಕ್ರಮ ಇನ್ನೂ ವಿಚಿತ್ರ: ಹೊಸ ಭಾರ ಬಿದ್ದಾಗ ಅದು ಮೊದಲು ತನ್ನ ಹಳೆಯ ಅಂಶವನ್ನು ಕರಗಿಸಿಕೊಂಡು ಆಮೇಲೆ ಹೊಸತನ್ನು ಕಟ್ಟುತ್ತದೆ, ಈ ಒಂದು ಸುತ್ತು ಮುಗಿಯಲು ಮೂರು ನಾಲ್ಕು ತಿಂಗಳು ಬೇಕು, ಕರಗಿಸುವ ಮತ್ತು ಕಟ್ಟುವ ಹಂತಗಳ ನಡುವಿನ ವಾರಗಳಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಹಗುರಾಯಿತೆಂಬ ಉತ್ಸಾಹದಲ್ಲಿ ದೂರವನ್ನು ಒಮ್ಮೆಲೇ ಇಮ್ಮಡಿಸುವವರು ಸರಿಯಾಗಿ ಆ ವಾರಗಳಲ್ಲೇ ಹಾಗೆ ಮಾಡುತ್ತಾರೆ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯರು ದೀರ್ಘ ನಡಿಗೆಯ ಬಳಿಕ ಸೈನಿಕರ ಪಾದಗಳು ಊದಿ ನೋಯುವುದನ್ನು ದಾಖಲಿಸಿದ್ದರು. ಎಕ್ಸ್‌ರೇ ಬಂದ ಮೇಲೆ ಅದು ಪಾದದ ಎಲುಬುಗಳ ಕೂದಲೆಳೆಯಂಥ ಬಿರುಕೆಂದು ತಿಳಿಯಿತು. ಪೆಟ್ಟು ಬೀಳದೆ, ಬರೀ ಪುನರಾವರ್ತನೆಯಿಂದ ಬರುವ ಈ ಬಿರುಕು ಇಂದಿಗೂ ಹೊಸ ಸೈನಿಕರನ್ನೂ ಹೊಸ ಓಟಗಾರರನ್ನೂ ಕಾಡುತ್ತದೆ.

ನೋವುಗಳಲ್ಲಿ ಯಾವುದು ಸಹಿಸುವಂಥದ್ದು, ಯಾವುದು ನಿಲ್ಲಿಸಬೇಕಾದದ್ದು ಎಂಬ ವಿವೇಚನೆ ಆಗ ಬೇಕಾಗುತ್ತದೆ. ಓಡಿದ ಮರುದಿನ ಮೀನಖಂಡದಲ್ಲೂ ತೊಡೆಯಲ್ಲೂ ಎರಡೂ ಕಾಲಿಗೆ ಸಮನಾಗಿ ಹರಡುವ ನೋವು ಸ್ನಾಯುವಿನ ಎಳೆಗಳಲ್ಲಾದ ಸೂಕ್ಷ್ಮ ಹಾನಿಯಿಂದ ಬರುವಂಥದ್ದು, ಅದಕ್ಕೂ ಲ್ಯಾಕ್ಟೇಟಿಗೂ ಸಂಬಂಧವಿಲ್ಲ. 24ರಿಂದ 72 ಗಂಟೆಗಳಲ್ಲಿ ಅದು ಏರಿ ಇಳಿಯುತ್ತದೆ. ಇಳಿಜಾರಿನಲ್ಲಿ ಓಡಿದಾಗ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕಾಗುವುದರಿಂದ ಈ ನೋವು ಹೆಚ್ಚು, ಘಟ್ಟದ ತಪ್ಪಲಿನ ಏರುತಗ್ಗಿನ ರಸ್ತೆಗಳಲ್ಲಿ ಇದನ್ನು ನೆನಪಿಡಬೇಕು. ಒಂದೇ ಕಾಲಿನ ಒಂದೇ ಜಾಗದಲ್ಲಿ, ಬೆರಳಿನಿಂದ ಒತ್ತಿ ತೋರಿಸಬಹುದಾದಷ್ಟು ಖಚಿತವಾಗಿ ನೋಯುತ್ತ, ಓಡಿದಂತೆಲ್ಲ ಹೆಚ್ಚುತ್ತ, ರಾತ್ರಿ ಮಲಗಿದಾಗಲೂ ಬಿಡದಿದ್ದರೆ ಅದು ಎಲುಬಿನ ಕರೆಯಾಗಿರಬಹುದು. ಎಣ್ಣೆ ತಿಕ್ಕಿ ಮುಂದುವರಿಯುವುದು ಅಲ್ಲಿ ಮೌಢ್ಯ. ಓಡಿದರೆ ಮೊಣಕಾಲು ಸವೆಯುತ್ತದೆ ಎಂಬ ಹೆದರಿಕೆಗೆ ಮಾತ್ರ ಆಧಾರ ಕಡಿಮೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಸೊಂಟ ಮತ್ತು ಮೊಣಕಾಲಿನ ಸಂಧಿಸವೆತ ಹವ್ಯಾಸಕ್ಕಾಗಿ ಓಡುವವರಲ್ಲಿ ಶೇ. 3.5, ಓಡದೆ ಕುಳಿತವರಲ್ಲಿ ಶೇ. 10.2, ಸ್ಪರ್ಧೆಯ ಓಟಗಾರರಲ್ಲಿ ಶೇ. 13.3 ಕಂಡುಬಂದಿತ್ತು.

ಕರಾವಳಿಯ ಹವೆಗೂ ಒಂದು ಮಾತು ಸಲ್ಲಬೇಕು. ಬೆವರು ಮೈಯನ್ನು ತಂಪುಮಾಡುವುದು ಆವಿಯಾದಾಗ ಮಾತ್ರ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ, ತೇವ ತುಂಬಿದ ಗಾಳಿಯಲ್ಲಿ ಅದು ಆವಿಯಾಗದೆ ತೊಟ್ಟಿಕ್ಕಿ ಹೋದರೆ ನೀರೂ ನಷ್ಟ, ತಂಪೂ ಇಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಸಲೀಸೆನಿಸಿದ ವೇಗ ಏಪ್ರಿಲ್ ತಿಂಗಳ ಬಂಟ್ವಾಳದಲ್ಲಿ ದುಸ್ಸಾಹಸವಾಗಬಹುದು. ಸೆಕೆಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಬೊಂಡದ ನೀರಿನಲ್ಲಿ, ಅಂದರೆ ಎಳನೀರಿನಲ್ಲಿ, ಪೊಟ್ಯಾಸಿಯಂ ಹೇರಳವಾಗಿದ್ದರೂ ಬೆವರಿನಲ್ಲಿ ಹೆಚ್ಚಾಗಿ ಹೋಗುವ ಸೋಡಿಯಂ ಕಡಿಮೆ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುವ ಮನೆಗಳಲ್ಲಿ ಆ ಕೊರತೆ ತಾನಾಗಿಯೇ ತುಂಬುತ್ತದೆ, ದುಬಾರಿ ಪಾನೀಯಗಳ ಡಬ್ಬಿ ಕೊಳ್ಳುವ ಅಗತ್ಯ ಬೀಳುವುದಿಲ್ಲ.

ಸೆಕೆಯ ಹಿಂದೆಯೇ ಮಳೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಟ ತಪ್ಪದೇ ಇರುವುದಿಲ್ಲ, ಒಂದು ದಿನ ತಪ್ಪಿದ್ದಕ್ಕೆ ಪೂರ್ತಿ ಬಿಟ್ಟುಬಿಡುವವರು ಆಗಲೇ ಹೆಚ್ಚು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ನಡವಳಿಕೆ ಅಭ್ಯಾಸವಾಗಿ ಬೇರೂರಲು ಕೆಲವರಿಗೆ 18 ದಿನ ಸಾಕಾದರೆ ಇನ್ನು ಕೆಲವರಿಗೆ 254 ದಿನಗಳವರೆಗೂ ಬೇಕಾಗುವಂತೆ ತೋರಿತು, ನಡುವಿನ ಮೌಲ್ಯ 66 ದಿನ. ಅಪರೂಪಕ್ಕೊಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಗಣನೀಯ ಅಡ್ಡಿಯಾಗಲಿಲ್ಲ. ದೇಹವೂ ಅಷ್ಟು ಬೇಗ ಮರೆಯುವುದಿಲ್ಲ. ಅಮೆರಿಕದ ಎಡ್ವರ್ಡ್ ಕಾಯ್ಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಳಗಿದ ಕ್ರೀಡಾಪಟುಗಳು ಅಭ್ಯಾಸವನ್ನು ಪೂರ್ತಿ ನಿಲ್ಲಿಸಿದಾಗ, ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮೂರು ವಾರಗಳಲ್ಲಿ ಇಳಿದದ್ದು ಶೇ. 7ರಷ್ಟು ಮಾತ್ರ. ತುಳುವರ ಆಟಿ ತಿಂಗಳ ಮಳೆಯಲ್ಲಿ ಹದಿನೈದು ದಿನ ಹೊರಗೆ ಕಾಲಿಡಲಾಗದವರು ಮೊದಲಿನಿಂದ ಆರಂಭಿಸಬೇಕಿಲ್ಲ. ಒಂಬತ್ತು ವಾರಗಳ ಆ ಪಟ್ಟಿಯಲ್ಲಿ ಎರಡು ವಾರ ಹಿಂದಕ್ಕೆ ಹೋಗಿ, ರಸ್ತೆಯ ಪಾಚಿ ಜಾರುವ ಕಡೆ ನಡೆದು, ಉಳಿದೆಡೆ ಮಾತು ತುಂಡಾಗದ ವೇಗದಲ್ಲಿ ಮುಂದುವರಿದರೆ, ಕಾರ್ತಿಕದ ಪಾದಯಾತ್ರೆಯ ಹೊತ್ತಿಗೆ ಉಜಿರೆಯಿಂದ ಹೊರಟು ಅರ್ಧ ದಾರಿಯನ್ನಾದರೂ ಓಡಿ ಕ್ರಮಿಸುವಷ್ಟು ಕಾಲು ತಯಾರಾಗಿರುತ್ತದೆ.